ಮಗ್ದಲದ ಮರಿಯಳ ಮುಖಕ್ಕೆ ಬಳಿದ ಮಸಿ

ಮಾನ್ಯ ಸಂಪಾದಕರೇ,

ಈಸ್ಟರ್ ದಿನ ನಿಮ್ಮ ಪತ್ರಿಕೆಯ ಪುರವಣಿಯಲ್ಲಿ ಅರ್ಧ ಪುಟದ ಒಂದು ಲೇಖನ ಬಂದಿತ್ತು. ಯೇಸುಸ್ವಾಮಿ ಸಮಾಧಿಯಿಂದ ಎದ್ದು ಬಂದದ್ದನ್ನು ಮೊದಲು ಕಂಡವಳು ಮಗ್ದಲದ ಮರಿಯ ಎಂದು ಅದರಲ್ಲಿ ಬರೆದಿದ್ದೀರಿ. ಓದಿ ಸಂತೋಷವಾಯಿತು. ಆದರೆ ಅವಳ ಹೆಸರಿನ ಹಿಂದೆ 'ವೇಶ್ಯೆಯಾಗಿದ್ದು ಆಮೇಲೆ ಬದಲಾದ' ಎಂದು ಸೇರಿಸಿದ್ದೀರಿ. ಪಕ್ಕದಲ್ಲಿ ಕೂದಲು ಬಿಚ್ಚಿಕೊಂಡು ಅಳುತ್ತಿರುವ ಹೆಂಗಸಿನ ಚಿತ್ರ. ಆ ಹಾಳೆಯನ್ನು ಕತ್ತರಿಸಿ ಇಟ್ಟುಕೊಂಡಿದ್ದೇನೆ. ಇದನ್ನು ಬರೆಯುವಾಗ ಅದು ನನ್ನ ಮೇಜಿನ ಮೇಲೆಯೇ ಇದೆ.

ಆ ಮಾತು ಬೈಬಲಿನಲ್ಲಿ ಇಲ್ಲ. ಎಲ್ಲಿಯೂ ಇಲ್ಲ. ಲೇಖನ ಬರೆದವರ ಮೇಲೆ ನನಗೆ ಸಿಟ್ಟಿಲ್ಲ. ಯಾಕೆಂದರೆ ಅದೇ ಮಾತನ್ನು ನಾನು ಇಪ್ಪತ್ತಕ್ಕೂ ಜಾಸ್ತಿ ವರ್ಷ ಮಕ್ಕಳಿಗೆ ಕಲಿಸಿದ್ದೇನೆ. ಅದಕ್ಕೇ ಈ ಪತ್ರ ಬರೆಯಬೇಕು ಅನ್ನಿಸಿತು. ಸ್ವಲ್ಪ ಉದ್ದವಾಗಬಹುದು, ದಯವಿಟ್ಟು ಪೂರ್ತಿ ಓದಿ.

ನಾನು ಉಡುಪಿಯ ಹತ್ತಿರದವಳು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾಗಿದ್ದೇನೆ. ನಮ್ಮದು ಬಾಸೆಲ್ ಮಿಷನ್ ಕಾಲದಿಂದ ಪ್ರೊಟೆಸ್ಟೆಂಟ್ ಮನೆತನ. ಅಪ್ಪ ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದರು. ಸಂಜೆ ದೀಪ ಹಚ್ಚಿದ ಮೇಲೆ ಒಂದು ಅಧ್ಯಾಯ ಓದದೆ ನಮ್ಮ ಮನೆಯಲ್ಲಿ ಊಟ ಬಡಿಸುತ್ತಿರಲಿಲ್ಲ. ಮದುವೆಯಾಗಿ ಬಂದ ವರ್ಷದಿಂದಲೇ ನಮ್ಮ ಸಭೆಯ (ಚರ್ಚಿನ) ಸಂಡೇ ಸ್ಕೂಲಿನಲ್ಲಿ ಪಾಠ ಮಾಡುತ್ತಾ ಬಂದಿದ್ದೇನೆ. ಈಗಲೂ ಮಾಡುತ್ತೇನೆ. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ನಂಬಿಕೆ ಇಲ್ಲದವಳು ಹೊರಗೆ ನಿಂತು ಆಡುವ ಮಾತು ಇದು ಎಂದು ಯಾರೂ ತಿಳಿಯಬಾರದು.

ಅಪ್ಪನ ಸತ್ಯವೇದ (ಬೈಬಲ್) ಈಗ ನನ್ನ ಹತ್ತಿರ ಇದೆ. ಕಪ್ಪು ರಟ್ಟು, ಬೆನ್ನಿನ ಹೊಲಿಗೆ ಬಿಟ್ಟಿದೆ. ಪುಟಗಳ ಅಂಚಿನಲ್ಲಿ ಈಗಲೂ ಹಂಚಿನ ಕೆಂಪು ಧೂಳು. ಯೇಸುಸ್ವಾಮಿಯ ಬದುಕನ್ನು ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಒಂದಾದ ಲೂಕನ ಸುವಾರ್ತೆಯ 7ನೇ ಅಧ್ಯಾಯದ ಕೊನೆಯೂ 8ನೇ ಅಧ್ಯಾಯದ ಶುರುವೂ ಅದರಲ್ಲಿ ಒಂದೇ ಪುಟಕ್ಕೆ ಬಂದಿವೆ. ನಡುವೆ ಒಂದು ಬೆರಳಿನಷ್ಟು ಜಾಗ. ಎರಡು ಬೇರೆ ಬೇರೆ ಹೆಂಗಸರನ್ನು ಒಬ್ಬಳೇ ಮಾಡಿದ್ದು ಆ ಬೆರಳಿನಷ್ಟು ಜಾಗದಲ್ಲಿ.

7ರ ಕೊನೆಯಲ್ಲಿ ಸೀಮೋನ ಎಂಬ ಫರಿಸಾಯನ (ಧರ್ಮಶಾಸ್ತ್ರವನ್ನು ಬಿಗಿಯಾಗಿ ಪಾಲಿಸುವ ಯೆಹೂದಿ ಪಂಗಡದವನ) ಮನೆಯಲ್ಲಿ ಊಟ. ಊರವರು ಪಾಪಿ ಎಂದು ಕರೆಯುವ ಒಬ್ಬ ಹೆಂಗಸು ಸುಗಂಧ ತೈಲದ ಭರಣಿ ಹಿಡಿದು ಒಳಗೆ ಬರುತ್ತಾಳೆ. ಅಳುತ್ತಾ ಯೇಸುಸ್ವಾಮಿಯ ಪಾದ ತೋಯಿಸುತ್ತಾಳೆ. ತಲೆಗೂದಲಿನಿಂದ ಒರೆಸಿ ತೈಲ ಹಚ್ಚುತ್ತಾಳೆ. ಅವಳ ಹೆಸರು ಏನೆಂದು ಲೂಕ ಹೇಳುವುದಿಲ್ಲ. ಅವಳು ಮಾಡಿದ ಪಾಪ ಯಾವುದು ಎಂದೂ ಹೇಳುವುದಿಲ್ಲ. 8ನೇ ಅಧ್ಯಾಯದಲ್ಲಿ ಬೇರೆಯೇ ಸಂಗತಿ. ಯೇಸುಸ್ವಾಮಿ ಊರೂರು ಸುತ್ತುತ್ತಿದ್ದಾರೆ. ಹನ್ನೆರಡು ಮಂದಿ ಶಿಷ್ಯರಿದ್ದಾರೆ, ಕೆಲವು ಹೆಂಗಸರೂ ಜೊತೆಗಿದ್ದಾರೆ. ಏಳು ದೆವ್ವಗಳಿಂದ ಬಿಡುಗಡೆಯಾದ ಮಗ್ದಲದ ಮರಿಯ, ಹೆರೋದನ ಮನೆವಾರ್ತೆ ನೋಡುತ್ತಿದ್ದ ಕೂಜನ ಹೆಂಡತಿ ಯೋಹಾನ, ಸುಸನ್ನ, ಇನ್ನೂ ಹಲವರು. ಇವರೆಲ್ಲ ತಮ್ಮ ಸ್ವಂತ ದುಡ್ಡು ಹಾಕಿ ಆ ಗುಂಪನ್ನು ಸಾಕುತ್ತಿದ್ದರು ಎಂದು ಲೂಕ ಬರೆಯುತ್ತಾನೆ.

ಕನ್ನಡ ಮೇಷ್ಟ್ರುಗಳಿಗೆ ಇಲ್ಲಿ ಒಂದು ಸಣ್ಣ ವಿಷಯ ಕಾಣಬೇಕಿತ್ತು. ನನಗೂ ಕಾಣಬೇಕಿತ್ತು. ಈಗಷ್ಟೇ ಕತೆಯಲ್ಲಿ ಬಂದುಹೋದ ಹೆಂಗಸು ಮತ್ತೆ ಬಂದರೆ 'ಆ ಹೆಂಗಸು' ಅಂತಾರೆ. ಊರು, ಹೆಸರು, ಹಳೇ ಕಾಯಿಲೆ ಎಲ್ಲ ಹೇಳಿ ಪರಿಚಯ ಮಾಡುವುದು ಹೊಸಬರನ್ನು ಮಾತ್ರ. ಲೂಕ ಇಲ್ಲಿ ಹೊಸಬಳನ್ನು ಪರಿಚಯ ಮಾಡುತ್ತಿದ್ದಾನೆ.

ಹಾಗಾದರೆ ಏಳು ದೆವ್ವ? ಸುವಾರ್ತೆಗಳಲ್ಲಿ ದೆವ್ವ ಹಿಡಿದವರು ಅಂದರೆ ಹೆಚ್ಚಾಗಿ ಕಾಯಿಲೆಯವರು. ಮಾತು ಬಾರದವರು, ಫಿಟ್ಸ್ ಬಂದು ಬೆಂಕಿಗೋ ನೀರಿಗೋ ಬೀಳುವ ಹುಡುಗ, ಬಟ್ಟೆ ಬಿಸಾಡಿ ಗೋರಿಗಳ ನಡುವೆ ಇರುವ ಗಂಡಸು. ಇವರಲ್ಲಿ ಯಾರನ್ನೂ ಯಾರೂ ನಡತೆಗೆಟ್ಟವರು ಅಂದಿಲ್ಲ. ನಮ್ಮ ಕರಾವಳಿಯಲ್ಲೂ ಅಷ್ಟೇ ಅಲ್ವಾ? ಗಾಳಿ ಸೋಕಿದೆ ಎಂದರೆ ಪಾಪ ಅಂತಾರೆ, ಪಾಪಿ ಅನ್ನುವುದಿಲ್ಲ. ಮರಿಯಳಿಗೆ ಮಾತ್ರ ಆ ಕನಿಕರ ಸಿಗಲಿಲ್ಲ.

ಇನ್ನೊಬ್ಬಳು ಮರಿಯ ಇದ್ದಾಳೆ, ಬೇಥಾನ್ಯದವಳು, ಮಾರ್ಥಳ ತಂಗಿ, ಲಾಜರನ ಅಕ್ಕನೋ ತಂಗಿಯೋ. ಯೋಹಾನನ ಸುವಾರ್ತೆಯ 12ನೇ ಅಧ್ಯಾಯದಲ್ಲಿ ಅವಳೂ ಯೇಸುಸ್ವಾಮಿಯ ಪಾದಕ್ಕೆ ತೈಲ ಹಚ್ಚಿ ಕೂದಲಿನಿಂದ ಒರೆಸುತ್ತಾಳೆ. ಆ ಕಾಲದಲ್ಲಿ ಮರಿಯ ಅನ್ನುವುದು ಮನೆಗೊಂದು ಸಿಗುವ ಹೆಸರು. ಅದಕ್ಕೇ ಇವಳಿಗೆ ಊರಿನ ಹೆಸರು ಸೇರಿಸಿ ಕರೆದರು, ನಮ್ಮಲ್ಲಿ 'ಕಾಪುವಿನ ಲೀಲಕ್ಕ', 'ಬ್ರಹ್ಮಾವರದ ಲೀಲಕ್ಕ' ಅನ್ನುವ ಹಾಗೆ. ಗುರುತು ಕೆಡಬಾರದು ಅಂತ ಸೇರಿಸಿದ ಊರಿನ ಹೆಸರೇ ಕಡೆಗೆ ಬೈಗುಳವಾಯಿತು.

ಮಗ್ದಲ ಎಂಥ ಊರು ಗೊತ್ತೇ? ಗಲಿಲಾಯ ಸರೋವರದ ಪಡುವಣ ದಡದಲ್ಲಿದ್ದ ಮೀನಿನ ಊರು. ಗ್ರೀಕರು ತಾರಿಖೇಯೆ ಎಂದು ಕರೆಯುತ್ತಿದ್ದ ಊರು ಇದೇ ಎಂದು ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ಮೀನಿಗೆ ಉಪ್ಪು ಹಾಕಿ ಇಡುವ ಕೆಲಸದಿಂದ ಬಂದ ಹೆಸರು ಅದು. 2009ರಲ್ಲಿ ಅಲ್ಲಿ ನೆಲ ಅಗೆದಾಗ ಯೇಸುಸ್ವಾಮಿಯ ಕಾಲದ ಒಂದು ಯೆಹೂದಿ ಸಭಾಮಂದಿರ ಸಿಕ್ಕಿತು. ಏಳು ಕವಲಿನ ದೀಪಸ್ತಂಭ ಕೆತ್ತಿದ ಕಲ್ಲೊಂದೂ ಸಿಕ್ಕಿತು. ಮಲ್ಪೆಯ ಹತ್ತಿರ ಬೆಳೆದ ನನಗೆ ಇದನ್ನು ಓದಿದಾಗ ಮರಿಯ ಒಮ್ಮೆಲೇ ಹತ್ತಿರದವಳಾದಳು. ಒಣಮೀನಿನ ವಾಸನೆ, ಉಪ್ಪಿನ ಗೋಣಿ, ಬಲೆ ಹರವಿದ ದಂಡೆ. ಗಟ್ಟಿ ದನಿಯಲ್ಲಿ ಲೆಕ್ಕ ಹೇಳಿ ದುಡ್ಡು ಎಣಿಸುವ ಹೆಂಗಸರು. ಸೆರಗಿನ ಗಂಟಿನಿಂದ ದುಡ್ಡು ತೆಗೆದು ಹದಿಮೂರು ಗಂಡಸರಿಗೆ ಊಟ ಹಾಕುವ ಹೆಂಗಸನ್ನು ನಾನು ಮಲ್ಪೆಯಲ್ಲಿ ಸುಲಭವಾಗಿ ಊಹಿಸಬಲ್ಲೆ.

ಈ ವೇಶ್ಯೆಯ ಕತೆ ಬಂದದ್ದು ಎಲ್ಲಿಂದ? ಅದರ ತಾರೀಖು ಹೆಚ್ಚುಕಮ್ಮಿ ಗೊತ್ತಿದೆ. 591ನೇ ಇಸವಿ, ರೋಮ್. ಹಿಂದಿನ ವರ್ಷವಷ್ಟೇ ಊರಿಗೆ ಪ್ಲೇಗ್ ಬಡಿದು ಪೋಪರೇ ತೀರಿಹೋಗಿದ್ದರು. ಆ ಜಾಗಕ್ಕೆ ಬಂದವರು ಮೊದಲನೇ ಗ್ರೆಗೊರಿ. ಸಾವು ನೋಡಿ ಕಂಗೆಟ್ಟಿದ್ದ ಜನರಿಗೆ ಅವರು ಒಂದು ಪ್ರಸಂಗ (ಧರ್ಮೋಪದೇಶ) ಮಾಡಿದರು. ಲೂಕ ಹೇಳಿದ ಪಾಪಿ ಹೆಂಗಸು, ಯೋಹಾನ ಹೇಳಿದ ಬೇಥಾನ್ಯದ ಮರಿಯ, ಏಳು ದೆವ್ವ ಬಿಟ್ಟ ಮಗ್ದಲದ ಮರಿಯ, ಈ ಮೂವರೂ ಒಬ್ಬಳೇ ಎಂದರು. ಏಳು ದೆವ್ವ ಅಂದರೆ ಎಲ್ಲ ದುರ್ಗುಣಗಳು ಎಂದರು. ಎಷ್ಟು ದೊಡ್ಡ ಪಾಪಿಗೂ ಕ್ಷಮೆ ಇದೆ ಎಂದು ಜನರಿಗೆ ಧೈರ್ಯ ಹೇಳುವುದು ಅವರ ಉದ್ದೇಶ. ಉದ್ದೇಶ ಒಳ್ಳೆಯದೇ. ಆದರೆ ಅದಕ್ಕೆ ಬಲಿಯಾದದ್ದು ಒಬ್ಬ ಹೆಂಗಸಿನ ಮಾನ.

ಪೂರ್ವದ ಆರ್ಥೊಡಾಕ್ಸ್ ಸಭೆಗಳು ಇದನ್ನು ಒಪ್ಪಲೇ ಇಲ್ಲ. ಅವರಿಗೆ ಮೂವರೂ ಬೇರೆ ಬೇರೆ. ಮಗ್ದಲದ ಮರಿಯಳನ್ನು ಅಪೊಸ್ತಲರಿಗೆ (ಯೇಸುಸ್ವಾಮಿಯ ಹನ್ನೆರಡು ಮಂದಿ ಶಿಷ್ಯರಿಗೆ) ಸಮಾನಳು ಎಂದು ಕರೆಯುತ್ತಾರೆ. ಪಶ್ಚಿಮದಲ್ಲಿ ಮಾತ್ರ ಚಿತ್ರಕಾರರು, ನಾಟಕದವರು, ಪ್ರಸಂಗಿಗಳು ಎಲ್ಲರೂ ಸೇರಿ ಆ ಕತೆಯನ್ನು ಬೆಳೆಸಿದರು. 1517ರಲ್ಲಿ ಜಾಕ್ ಲೆಫೆವ್ರ್ ಎಂಬ ಫ್ರೆಂಚ್ ವಿದ್ವಾಂಸರು ಇವರು ಮೂರು ಜನ, ಒಬ್ಬಳಲ್ಲ ಎಂದು ಬರೆದರು. ಪ್ಯಾರಿಸ್‌ನ ದೇವಶಾಸ್ತ್ರ ಪಂಡಿತರು 1521ರಲ್ಲಿ ಆ ವಾದವನ್ನು ಖಂಡಿಸಿ ತೀರ್ಪು ಕೊಟ್ಟರು. ಕಡೆಗೆ 1969ರಲ್ಲಿ ಕ್ಯಾಥೊಲಿಕ್ ಸಭೆ ತನ್ನ ಪಂಚಾಂಗವನ್ನು ತಿದ್ದಿದಾಗ ಜುಲೈ 22ರ ಅವಳ ಹಬ್ಬಕ್ಕೆ ಓದುತ್ತಿದ್ದ ಪಾಪಿ ಹೆಂಗಸಿನ ಪಾಠ ಬಿಟ್ಟು, ಸಮಾಧಿಯ ಹತ್ತಿರದ ಪಾಠ ಇಟ್ಟರು. 2016ರಲ್ಲಿ ಪೋಪ್ ಫ್ರಾನ್ಸಿಸ್ ಆ ದಿನಕ್ಕೆ ಅಪೊಸ್ತಲರ ಹಬ್ಬದಷ್ಟೇ ಸ್ಥಾನ ಕೊಟ್ಟರು. 591ರಿಂದ 1969ಕ್ಕೆ 1378 ವರ್ಷ. ತಿದ್ದಿ ಅರ್ಧ ಶತಮಾನವಾದ ಮೇಲೂ ನಿಮ್ಮ ಪುರವಣಿಗೆ, ನಮ್ಮ ಸಂಡೇ ಸ್ಕೂಲಿಗೆ ಆ ಸುದ್ದಿ ಮುಟ್ಟಿಲ್ಲ.

ಹೋಗಲಿ, ಎರಡು ಸಾವಿರ ವರ್ಷದ ಹಿಂದಿನ ಹೆಂಗಸು, ಯಾರು ಏನಂದರೇನು ಎಂದು ನೀವು ಕೇಳಬಹುದು. ಐರ್ಲೆಂಡಿನಲ್ಲಿ ಮಗ್ದಲೇನ್ ಲಾಂಡ್ರಿಗಳು ಅಂತ ಇದ್ದವು. ಹೆಸರು ಅವಳದೇ. ಮದುವೆಗೆ ಮುಂಚೆ ಬಸಿರಾದವರು, ಮನೆಯವರಿಗೆ ಬೇಡವಾದವರು, ಅನಾಥ ಹುಡುಗಿಯರು ಹೀಗೆ ಹಲವರನ್ನು ತಂದು ಅಲ್ಲಿ ಕೂಡಿಹಾಕಿ ಸಂಬಳವಿಲ್ಲದೆ ಬಟ್ಟೆ ಒಗೆಸುತ್ತಿದ್ದರು. 1922ರಿಂದ ಈಚೆಗೆ ಸುಮಾರು 10,000 ಹೆಂಗಸರು ಅಲ್ಲಿ ಇದ್ದರು ಎಂದು ಅಲ್ಲಿನ ಸರ್ಕಾರದ ವರದಿಯೇ ಹೇಳಿದೆ. ಕೊನೆಯ ಲಾಂಡ್ರಿ ಮುಚ್ಚಿದ್ದು 1996ರಲ್ಲಿ. 2013ರಲ್ಲಿ ಪ್ರಧಾನಿ ಎಂಡಾ ಕೆನ್ನಿ ಸಂಸತ್ತಿನಲ್ಲಿ ನಿಂತು ಕ್ಷಮೆ ಕೇಳಿದರು. ಆ ಕಟ್ಟಡಗಳಿಗೆ ಆ ಹೆಸರು ಇಡಲು ಕಾರಣ ಲೂಕನ ಸುವಾರ್ತೆಯಲ್ಲ, 591ರ ಆ ಪ್ರಸಂಗ.

ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಸಭೆಯಲ್ಲೇ ನಡೆದದ್ದನ್ನು ಹೇಳುತ್ತೇನೆ.

ಒಂದು ವರ್ಷ ಈಸ್ಟರ್‌ಗೆ ಮಕ್ಕಳಿಂದ ನಾಟಕ ಮಾಡಿಸಿದ್ದೆ. ಮರಿಯಳ ಪಾತ್ರಕ್ಕೆ ಎಂಟನೇ ಕ್ಲಾಸಿನ ಒಬ್ಬ ಹುಡುಗಿ. ಯಾರ ಮನೆಯಿಂದಲೋ ಕೆಂಪು ಜರಿ ಸೀರೆ ತಂದೆ. ಕೈತುಂಬ ಬಳೆ ಹಾಕಿಸಿದೆ, ತುಟಿಗೆ ಬಣ್ಣ ಹಚ್ಚಿದೆ. ನಾಲ್ಕು ಚೆಂಡು ಶಂಕರಪುರ ಮಲ್ಲಿಗೆ ತಂದು ಜಡೆ ಕಾಣದ ಹಾಗೆ ಮುಡಿಸಿದೆ. ನೋಡಿದ ಕೂಡಲೇ ಎಂಥ ಹೆಂಗಸು ಎಂದು ಸಭೆಗೆ ಗೊತ್ತಾಗಬೇಕಲ್ಲ. ತೈಲದ ಭರಣಿಗೆ ಪನ್ನೀರಿನ ಬಾಟಲಿ. ಅಭ್ಯಾಸದ ದಿನ ಆ ಹುಡುಗಿ ಸತ್ಯವೇದ ಹಿಡಿದುಕೊಂಡು ಬಂದು ಕೇಳಿದಳು, "ಟೀಚರ್, ಇವಳು ಕೆಟ್ಟವಳು ಅಂತ ಎಷ್ಟನೇ ವಚನದಲ್ಲಿದೆ?" ಲೂಕ 7 ನೋಡು ಅಂದೆ. ನೋಡಿದಳು. ಬೆರಳಿಟ್ಟು ನಿಧಾನ ಓದಿದಳು. "ಇಲ್ಲಿ ಹೆಸರೇ ಇಲ್ಲ ಟೀಚರ್" ಅಂದಳು. "ದೊಡ್ಡವರು ಹಾಗೇ ಹೇಳಿದ್ದು ಮಗಾ, ಸುಮ್ನೆ ಮಾಡು" ಎಂದು ಅವಳ ಬಾಯಿ ಮುಚ್ಚಿಸಿದೆ. ಆ ಹುಡುಗಿ ಸರಿಯಾಗಿ ಓದಿದ್ದಳು. ನಾನು ಓದಿರಲಿಲ್ಲ.

ಅದಾಗಿ ಒಂದೆರಡು ವರ್ಷಕ್ಕೆ ನಮ್ಮ ಸಭೆಯ ಒಬ್ಬ ತರುಣಿ ಗಂಡನ ಹೊಡೆತ ತಾಳಲಾರದೆ ಮಗುವನ್ನು ಎತ್ತಿಕೊಂಡು ತವರಿಗೆ ಬಂದಳು. ಒಂದು ನರ್ಸಿಂಗ್ ಹೋಮಿನಲ್ಲಿ ರಾತ್ರಿ ಪಾಳಿಯ ಕೆಲಸ ಹಿಡಿದಳು. ರಾತ್ರಿ ಹೋಗಿ ಬೆಳಿಗ್ಗೆ ಬರುವ ಹೆಂಗಸು ಅಂದರೆ ಊರಿನ ಬಾಯಿ ಕೇಳಬೇಕೇ? ಒಂದು ದಿನ ಸ್ತ್ರೀಯರ ಕೂಟಕ್ಕೆ ಅವಳು ಒಳಗೆ ಬಂದಾಗ ನನ್ನ ಹಿಂದಿನ ಬೆಂಚಿನಿಂದ ಒಬ್ಬರು ಮೆಲ್ಲಗೆ ಅಂದರು, "ಮಗ್ದಲದ ಮರಿಯ ಬಂದಳು". ಎರಡು ಮೂರು ಮಂದಿ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಅವಳಿಗೆ ಕೇಳಿಸಿತು. ಕೇಳಿಸಿದ್ದು ನನಗೆ ಗೊತ್ತು, ಯಾಕೆಂದರೆ ಕುಳಿತುಕೊಳ್ಳಲು ಬಗ್ಗಿದವಳು ಹಾಗೇ ಎದ್ದು ಕೊನೆಯ ಬೆಂಚಿಗೆ ಹೋದಳು. ಆಮೇಲೆ ಕೂಟಕ್ಕೆ ಬರಲಿಲ್ಲ. ಸ್ವಲ್ಪ ದಿನಕ್ಕೆ ಆರಾಧನೆಗೂ ಬರುವುದು ಬಿಟ್ಟಳು. ಆ ಮಾತನ್ನು ನಕ್ಕವರಿಗೆ ಕಲಿಸಿದ್ದು ಯಾರು? ಕೆಂಪು ಸೀರೆ ಉಡಿಸಿ, ಮಲ್ಲಿಗೆ ಮುಡಿಸಿ, ವೇದಿಕೆ ಮೇಲೆ ನಿಲ್ಲಿಸಿ ತೋರಿಸಿದವಳು ನಾನೇ. ಆ ದಿನ ನಾನು ಒಂದು ಮಾತೂ ಆಡಲಿಲ್ಲ. ಇದನ್ನು ಬರೆಯುವಾಗ ಈಗಲೂ ಸಂಕಟವಾಗುತ್ತದೆ.

ನನಗೆ ವಿಷಯ ಗೊತ್ತಾದದ್ದು ದೇವಶಾಸ್ತ್ರ ಓದುತ್ತಿದ್ದ ಒಬ್ಬ ಹುಡುಗನಿಂದ. ಓದಿನ ಭಾಗವಾಗಿ ಶನಿವಾರ, ಭಾನುವಾರ ನಮ್ಮ ಸಭೆಗೆ ಕೆಲಸ ಕಲಿಯಲು ಬರುತ್ತಿದ್ದ. ಒಮ್ಮೆ ನಮ್ಮ ಮನೆಯಲ್ಲಿ ಚಾ ಕುಡಿಯುವಾಗ ನಾನು ಹಳೇ ನಾಟಕದ ಫೋಟೋ ತೋರಿಸಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಲೂಕ 7, 8 ಎರಡನ್ನೂ ತೆಗೆದು ಗ್ರೆಗೊರಿಯ ಕತೆ ಹೇಳಿದ. ನಾನು ಕೇಳಿದೆ, "ಇದು ನಿನಗೆ ಯಾವಾಗ ಗೊತ್ತಾಯಿತು?" "ಕಾಲೇಜಿನ ಮೊದಲ ವರ್ಷದಲ್ಲೇ ಪಾಠ ಇದೆ ಟೀಚರ್." "ಹಾಗಾದರೆ ಪ್ರಸಂಗದಲ್ಲಿ ಯಾಕೆ ಯಾರೂ ಹೇಳುವುದಿಲ್ಲ?" ಅವನು ಕಪ್ಪು ಕೆಳಗಿಟ್ಟು ಹೇಳಿದ, "ಸಭೆಯವರ ನಂಬಿಕೆ ಅಲುಗಾಡುತ್ತೆ, ಅದೆಲ್ಲ ಕ್ಲಾಸಿನಲ್ಲೇ ಇರಲಿ ಅಂತಾರೆ ಟೀಚರ್."

ಸಂಪಾದಕರೇ, ನನ್ನ ತಕರಾರು ಇರುವುದು ಇಲ್ಲಿ. ವಿದ್ವಾಂಸರಿಗೆ ಗೊತ್ತು. ಅವರ ಹತ್ತಿರ ಓದಿದ ಪಾದ್ರಿಗಳಿಗೆ ಗೊತ್ತು. ಬೆಂಚಿನ ಮೇಲೆ ಕುಳಿತ ನಮಗೆ ಮಾತ್ರ ಹೇಳುವುದಿಲ್ಲ. ನಮ್ಮ ನಂಬಿಕೆ ಅಷ್ಟು ಬಡಕಲು ಎಂದು ಯಾರು ಹೇಳಿದರು? ಆ ಸಂಜೆ ನನ್ನ ನಂಬಿಕೆ ಅಲುಗಾಡಲಿಲ್ಲ. ನಾಚಿಕೆಯಾಯಿತು. ಆ ತರುಣಿ ನೆನಪಾಗಿ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದು ಯೋಹಾನ 20 ಓದಿದೆ. ಮೊದಲ ಸಲ ಓದಿದ ಹಾಗಿತ್ತು.

ನಾನು ಎಂ.ಎ. ಮಾಡುವಾಗ ಗ್ರಂಥ ಸಂಪಾದನೆ ನಮಗೆ ಒಂದು ಪೇಪರ್. ತಾಳೆಗರಿಗಳನ್ನು ಹೋಲಿಸುವುದು, ಪ್ರತಿಯಿಂದ ಪ್ರತಿಗೆ ಬದಲಾದ ಮಾತನ್ನು ಪಾಠಾಂತರ ಎಂದು ಗುರುತು ಹಾಕುವುದು, ಆಮೇಲೆ ಸೇರಿದ ಪದ್ಯವನ್ನು ಪ್ರಕ್ಷಿಪ್ತ ಎಂದು ಬೇರೆ ಇಡುವುದು. ಡಿ.ಎಲ್. ನರಸಿಂಹಾಚಾರ್ಯರು ಈ ಕೆಲಸವನ್ನು ಎಷ್ಟು ಶ್ರದ್ಧೆಯಿಂದ ಮಾಡಿದರು ಎಂದು ನಮ್ಮ ಮೇಷ್ಟ್ರು ಹೇಳುತ್ತಿದ್ದರು. ಫ.ಗು. ಹಳಕಟ್ಟಿಯವರು ಊರೂರು ಅಲೆದು ವಚನದ ಕಟ್ಟುಗಳನ್ನು ಕೂಡಿಹಾಕದೆ ಇದ್ದಿದ್ದರೆ ನಮಗೆ ಇವತ್ತು ಎಷ್ಟು ವಚನ ಉಳಿಯುತ್ತಿದ್ದವು? ಬಸವಣ್ಣನವರ ಅಂಕಿತ ಇದ್ದ ಮಾತ್ರಕ್ಕೆ ಎಲ್ಲವೂ ಅವರದ್ದಲ್ಲ, ಕೆಲವು ಆಮೇಲೆ ಸೇರಿದ್ದು ಎಂದು ಹೇಳಿದ ವಿದ್ವಾಂಸರು ಬಸವಣ್ಣನವರ ಶತ್ರುಗಳಲ್ಲ. ಅವರ ನಿಜವಾದ ದನಿ ಕೇಳಬೇಕು ಎಂಬ ಆಸೆಯಿಂದ ಮಾಡಿದ ಕೆಲಸ ಅದು. ಪಂಪನಿಗೆ, ಬಸವಣ್ಣನಿಗೆ ಸಲ್ಲುವ ಈ ಎಚ್ಚರ ಲೂಕನಿಗೆ ಯಾಕೆ ಸಲ್ಲಬಾರದು? ವಾರದಲ್ಲಿ ಐದೂವರೆ ದಿನ ಶಾಲೆಯಲ್ಲಿ ಪಾಠಾಂತರದ ಮಾತಾಡಿ, ಭಾನುವಾರ ಅದನ್ನೆಲ್ಲ ಮನೆಯಲ್ಲಿಟ್ಟು ಬರುತ್ತಿದ್ದೆನಲ್ಲ ಎಂದು ಈಗ ಬೇಸರವಾಗುತ್ತದೆ.

ಎಲ್ಲ ವಿಷಯವೂ ಇಷ್ಟು ಸಲೀಸಲ್ಲ, ಅದನ್ನೂ ಹೇಳಬೇಕು. ಮಗು ಯೇಸುವನ್ನು ನೋಡಲು ಬಂದ ಜೋಯಿಸರು ಮೂರೇ ಮಂದಿ ಎಂದು ಸುವಾರ್ತೆ ಬರೆದ ಮತ್ತಾಯ ಎಲ್ಲೂ ಹೇಳಿಲ್ಲ. ಏದೆನ್ ತೋಟದ ಹಣ್ಣು ಸೇಬು ಎಂದು ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದಲ್ಲಿ ಇಲ್ಲ. ಇವನ್ನು ಒಪ್ಪಲು ಯಾರಿಗೂ ಕಷ್ಟವಿಲ್ಲ. ಆದರೆ ಯೋಹಾನ 8ರ ಕತೆ ಬಂದಾಗ ನನಗೆ ನಿಜವಾಗಿ ಕಷ್ಟವಾಯಿತು. ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸನ್ನು ಎಳೆದು ತರುತ್ತಾರೆ. ಯೇಸುಸ್ವಾಮಿ ಬಗ್ಗಿ ನೆಲದ ಮೇಲೆ ಬೆರಳಿನಿಂದ ಬರೆಯುತ್ತಾರೆ. ಪಾಪವಿಲ್ಲದವನು ಮೊದಲ ಕಲ್ಲು ಹಾಕಲಿ ಅನ್ನುತ್ತಾರೆ. (ಇವಳೂ ಮಗ್ದಲದ ಮರಿಯ ಅಲ್ಲ. ಇವಳಿಗೂ ಹೆಸರಿಲ್ಲ.) ನನಗೆ ಬಾಯಿಪಾಠವಾದ ಭಾಗ ಅದು. ಈ 12 ವಚನಗಳು ಯೋಹಾನನ ಹಳೆಯ ಗ್ರೀಕ್ ಪ್ರತಿಗಳಲ್ಲಿ ಇಲ್ಲ. ಸೀನಾಯಿ ಬೆಟ್ಟದ ಮಠದಲ್ಲಿ ಸಿಕ್ಕ ನಾಲ್ಕನೇ ಶತಮಾನದ ಪ್ರತಿ ಒಂದಿದೆ. 1933ರಲ್ಲಿ ಬ್ರಿಟನ್ ಅದನ್ನು ಸೋವಿಯತ್ ಸರ್ಕಾರದಿಂದ ಒಂದು ಲಕ್ಷ ಪೌಂಡ್ ಕೊಟ್ಟು ಕೊಂಡುಕೊಂಡಿತು. ಅದರ ಬಹುಪಾಲು ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದರಲ್ಲೂ ಈ ಕತೆ ಇಲ್ಲ. ವ್ಯಾಟಿಕನ್‌ನಲ್ಲಿರುವ ಅಷ್ಟೇ ಹಳೆಯ ಪ್ರತಿಯಲ್ಲೂ ಇಲ್ಲ. ಈಗಿನ ಹೆಚ್ಚಿನ ಇಂಗ್ಲಿಷ್ ಅನುವಾದಗಳು ಇದನ್ನು ಕಂಸದೊಳಗೆ ಇಟ್ಟು, ಕೆಳಗೆ ಟಿಪ್ಪಣಿ ಹಾಕುತ್ತವೆ.

ಇದನ್ನು ತಿಳಿದ ದಿನ ನನ್ನದೇ ಏನೋ ಕಳೆದುಹೋದ ಹಾಗಾಯಿತು. ಒಂದು ತಿಂಗಳು ಆ ಪುಟ ತೆಗೆಯಲಿಲ್ಲ. ಆಮೇಲೆ ಮೆಲ್ಲಗೆ ಅನ್ನಿಸಿತು, ಇದು ಯೋಹಾನ ಬರೆದದ್ದಲ್ಲದೆ ಇರಬಹುದು, ಆದರೂ ಹಳೆಯ ನೆನಪೇ ಇರಬೇಕು. ಹಲವು ವಿದ್ವಾಂಸರೂ ಹಾಗೇ ಹೇಳುತ್ತಾರೆ. ಬಾಯಿಂದ ಬಾಯಿಗೆ ಬಂದ ಕತೆಯನ್ನು ಯಾರೋ ಒಬ್ಬ ನಕಲುಗಾರ ಕಳೆದುಕೊಳ್ಳಲು ಮನಸ್ಸಿಲ್ಲದೆ ಸೇರಿಸಿರಬಹುದು. ಅವನ ಮನಸ್ಸು ನನಗೆ ಅರ್ಥವಾಗುತ್ತದೆ. ನಾನಾಗಿದ್ದರೂ ಸೇರಿಸುತ್ತಿದ್ದೆನೇನೋ. ಈಗ ಮಕ್ಕಳಿಗೆ ಈ ಕತೆ ಹೇಳುವಾಗ ಇದನ್ನೂ ಹೇಳುತ್ತೇನೆ. ಹಳೆಯ ಪ್ರತಿಗಳಲ್ಲಿ ಇಲ್ಲದ ಕತೆ ಹೇಗೆ ಬಂತು ಎಂದು ಅವರು ಕೇಳುತ್ತಾರೆ, ನಾನು ಬೋರ್ಡಿನ ಮೇಲೆ ಒಂದು ವಾಕ್ಯ ಬರೆದು ಒಬ್ಬರಿಂದ ಒಬ್ಬರು ನಕಲು ಮಾಡಲು ಹೇಳುತ್ತೇನೆ. ಹತ್ತನೆಯವರ ಪುಸ್ತಕಕ್ಕೆ ಬರುವಷ್ಟರಲ್ಲಿ ಒಂದು ಅಕ್ಷರ ಬಿದ್ದಿರುತ್ತದೆ, ಇಲ್ಲವೇ ಒಂದು ಪದ ಸೇರಿರುತ್ತದೆ. ಅವರಿಗೆ ತಟ್ಟನೆ ಅರ್ಥವಾಗುತ್ತದೆ. ಇದರಿಂದ ಯಾವ ಮಗುವೂ ಸಭೆ ಬಿಟ್ಟು ಹೋಗಿಲ್ಲ.

ವಿದ್ವಾಂಸರು ಹೇಳಿದ್ದೆಲ್ಲ ವೇದವಾಕ್ಯ ಎಂದು ನಾನು ಹೇಳುತ್ತಿಲ್ಲ. 2012ರಲ್ಲಿ ಹಾರ್ವರ್ಡಿನ ಪ್ರೊಫೆಸರ್ ಕರೆನ್ ಕಿಂಗ್ ಒಂದು ಪಪೈರಸ್ (ಹಿಂದಿನ ಕಾಲದ ಜೊಂಡಿನ ಕಾಗದ) ಚೂರು ತೋರಿಸಿದರು. ಅದರಲ್ಲಿ ಯೇಸು 'ನನ್ನ ಹೆಂಡತಿ' ಎಂದು ಹೇಳುವ ಹಾಗಿತ್ತು. ಪತ್ರಿಕೆಗಳೆಲ್ಲ ಮರಿಯಳನ್ನು ಹೆಂಡತಿ ಮಾಡಿ ಬರೆದವು. ಬೇರೆ ವಿದ್ವಾಂಸರು ಬಿಡಲಿಲ್ಲ. ವ್ಯಾಕರಣ ನೋಡಿದರು, ಅಕ್ಷರ ನೋಡಿದರು, ಒಬ್ಬ ಪತ್ರಕರ್ತ ಆ ಚೂರು ಯಾರ ಕೈಯಿಂದ ಬಂತು ಎಂದು ಬೆನ್ನು ಹತ್ತಿದ. 2016ರಲ್ಲಿ ಅದು ನಕಲಿ ಇರಬೇಕು ಎಂದು ಕಿಂಗ್ ಅವರೇ ಒಪ್ಪಿಕೊಂಡರು. ನಾಲ್ಕೇ ವರ್ಷ. ಗ್ರೆಗೊರಿಯ ತಪ್ಪಿಗೆ ಹಿಡಿದದ್ದು 1378 ವರ್ಷ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕಳೆದ ಶತಮಾನಗಳಲ್ಲಿ ಮರಿಯಳನ್ನು ವೇಶ್ಯೆ ಅಂದರು, ಈಗಿನವರು ಹೆಂಡತಿ ಅಂತಾರೆ. ಒಂದು ಹೆಂಗಸು ತನ್ನ ಪಾಡಿಗೆ ಶಿಷ್ಯೆಯಾಗಿ ಇದ್ದಳು ಅಂದರೆ ಒಪ್ಪಲು ನಮಗೆ ಯಾಕಿಷ್ಟು ಕಷ್ಟ?

ನಮ್ಮ ಕನ್ನಡಕ್ಕೂ ಬೈಬಲನ್ನು ಹೀಗೆ ಪರೀಕ್ಷಿಸಿ ನೋಡುವ ಈ ವಿದ್ಯೆಗೂ ಹಳೇ ನಂಟಿದೆ. 1843ರಲ್ಲಿ ಮಂಗಳೂರ ಸಮಾಚಾರ ಪತ್ರಿಕೆ ಹೊರಡಿಸಿದ ಬಾಸೆಲ್ ಮಿಷನ್ ಪಾದ್ರಿ ಹರ್ಮನ್ ಮೋಗ್ಲಿಂಗ್ ಓದಿದ್ದು ಜರ್ಮನಿಯ ಟ್ಯೂಬಿಂಗನ್‌ನಲ್ಲಿ. ಆ ಕಾಲದಲ್ಲಿ ಅಲ್ಲಿ ಬೈಬಲ್ ವಿದ್ವಾಂಸ ಎಫ್.ಸಿ. ಬೌರ್ ಪಾಠ ಮಾಡುತ್ತಿದ್ದರು. ಸುವಾರ್ತೆಗಳನ್ನು ಇತಿಹಾಸದ ಕಣ್ಣಿನಿಂದ ನೋಡಿ 1835ರಲ್ಲಿ ಯೂರೋಪನ್ನೇ ಬೆಚ್ಚಿಬೀಳಿಸಿದ ಡೇವಿಡ್ ಸ್ಟ್ರಾಸ್ ಕೂಡ ಅಲ್ಲಿನವರೇ. ಅದೇ ವಿಶ್ವವಿದ್ಯಾಲಯ ಮೋಗ್ಲಿಂಗರಿಗೂ ಕಿಟ್ಟೆಲರಿಗೂ ಕನ್ನಡದ ಕೆಲಸಕ್ಕಾಗಿ ಗೌರವ ಡಾಕ್ಟರೇಟ್ ಕೊಟ್ಟಿತು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟನ್ನು ತೆರೆದು ನೋಡಿ. ಒಂದೊಂದು ಪದಕ್ಕೂ ಎಲ್ಲಿ ಬಂದಿದೆ ಎಂದು ಆಧಾರ ಕೊಡುತ್ತಾರೆ. ಆಧಾರ ಎಲ್ಲಿ ಎಂದು ಕೇಳುವುದನ್ನು ನಮಗೆ ಕಲಿಸಿದವರಲ್ಲಿ ಪಾದ್ರಿಗಳೂ ಇದ್ದರು. ನನ್ನ ಸಂಡೇ ಸ್ಕೂಲಿನ ಆ ಹುಡುಗಿ ಎಷ್ಟನೇ ವಚನ ಎಂದು ಕೇಳಿದ್ದು ಅದನ್ನೇ.

'ಮಗ್ದಲದ ಮರಿಯ' ಎಂಬ ಹೆಸರು ನಾಲ್ಕು ಸುವಾರ್ತೆಗಳಲ್ಲಿ 12 ಸಲ ಬರುತ್ತದೆ. ಲೂಕ 8 ಒಂದನ್ನು ಬಿಟ್ಟರೆ ಉಳಿದ 11 ಸಲವೂ ಶಿಲುಬೆಯ ಹತ್ತಿರ ಅಥವಾ ಸಮಾಧಿಯ ಹತ್ತಿರ. ಗಂಡಸು ಶಿಷ್ಯರಲ್ಲಿ ಹೆಚ್ಚಿನವರು ಓಡಿಹೋದ ಹೊತ್ತಿನಲ್ಲಿ ಇವಳು ನಿಂತಿದ್ದಳು. ಮುಂಜಾನೆ ಕತ್ತಲಲ್ಲೇ ಸಮಾಧಿಗೆ ಹೋದಳು. ಎದುರಿಗೆ ನಿಂತ ಯೇಸುಸ್ವಾಮಿಯನ್ನು ತೋಟದವನು ಎಂದು ತಿಳಿದು ಮಾತಾಡಿಸಿದಳು. ಅವರು 'ಮರಿಯಾ' ಎಂದು ಹೆಸರು ಹಿಡಿದು ಕರೆದಾಗ ಗುರುತು ಸಿಕ್ಕಿ 'ರಬ್ಬೂನಿ' (ಗುರುವೇ) ಅಂದಳು. ಹೋಗಿ ನನ್ನ ಸಹೋದರರಿಗೆ ಹೇಳು ಎಂದು ಅವರು ಕಳಿಸಿದ್ದು ಇವಳನ್ನು. ಹೆಂಗಸರು ಹೋಗಿ ಹೇಳಿದರೆ ಅಪೊಸ್ತಲರು ಹರಟೆ ಎಂದು ನಂಬಲಿಲ್ಲ, ಇದನ್ನೂ ಲೂಕನೇ ಬರೆದಿದ್ದಾನೆ.

ಹೋದ ವರ್ಷದ ಈಸ್ಟರ್ ನಾಟಕದಲ್ಲಿ ನಮ್ಮ ಮರಿಯ ಸಾದಾ ನೀಲಿ ಹತ್ತಿ ಸೀರೆ ಉಟ್ಟಿದ್ದಳು. ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, ಕೈಯಲ್ಲಿ ಒಂದು ಲಾಟೀನು ಹಿಡಿದು ಬಂದಳು. ಹಳೇ ತಲೆಯ ಒಬ್ಬರು ಆಮೇಲೆ ಬಂದು "ಇದು ಯಾವ ಮರಿಯ ಟೀಚರ್?" ಎಂದು ಕೇಳಿದರು. ಮೆಟ್ಟಿಲಲ್ಲೇ ಕುಳಿತು ಅವರಿಗೆ ಲೂಕ 7 ಮತ್ತು 8 ಓದಿ ತೋರಿಸಿದೆ. ಕನ್ನಡಕ ಹಾಕಿಕೊಂಡು ತಾವೇ ಇನ್ನೊಮ್ಮೆ ಓದಿದರು. "ಹೌದಲ್ಲ, ಇಷ್ಟು ವರ್ಷ ಯಾರೂ ಹೇಳಲೇ ಇಲ್ಲ" ಅಂದರು.

ನಿಮ್ಮಲ್ಲಿ ಎರಡು ಕೋರಿಕೆ. ಆ ಲೇಖನದ ಆ ಒಂದು ಸಾಲಿಗೆ ತಿದ್ದುಪಡಿ ಹಾಕಿ. ಒಳಪುಟದ ಮೂಲೆಯಲ್ಲಿ ಬೇಡ, ಪುರವಣಿಯಲ್ಲೇ ಹಾಕಿ, ಅದನ್ನು ಓದಿದವರೇ ಇದನ್ನೂ ಓದುವಂತೆ. ಜುಲೈ 22 ಅವಳ ದಿನ. ಆ ವಾರ ಜಾಗವಿದ್ದರೆ ಯೋಹಾನ 20ನೇ ಅಧ್ಯಾಯದ ಮೊದಲ 18 ವಚನಗಳನ್ನು ಚಿತ್ರವಿಲ್ಲದೆ ಹಾಗೇ ಅಚ್ಚು ಹಾಕಿ. ಆ ತರುಣಿ ಈಗ ಎಲ್ಲಿದ್ದಾಳೆ ಎಂದು ನನಗೆ ತಿಳಿದಿಲ್ಲ. ಅವಳ ತಾಯಿಯ ಮನೆಗೆ ಮಾತ್ರ ಈಗಲೂ ನಿಮ್ಮ ಪತ್ರಿಕೆಯೇ ಬರುತ್ತದೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಶಿಕ್ಷಕಿ
ಉಡುಪಿ ಜಿಲ್ಲೆ